ಎರಡು ಸಲ ಅದ್ದಿದ ಕೂಸು

ಥೆಸಲಿ ಸೀಮೆಯಲ್ಲಿ ನಲವತ್ತು ವರ್ಷ ಸೂಲಗಿತ್ತಿಯಾಗಿದ್ದ ಫನೋಸ್ತ್ರಾತೆಗೆ ಹಳೆಯ ಕಥೆಗಳ ವೀರ ಅಕಿಲೀಸನ ಹೆಸರೆತ್ತಿದರೆ ವಾಕರಿಕೆ ಬರುತ್ತಿತ್ತು. ಆಯುಧ ನಾಟದಿರಲೆಂದು ತಾಯಿ ಅವನನ್ನು ಹಿಮ್ಮಡಿ ಹಿಡಿದು ಪಾತಾಳದ ನದಿಯಲ್ಲಿ ಅದ್ದಿದಳಂತೆ. ನೆನೆಯದ ಆ ಹಿಮ್ಮಡಿಗೇ ಬಾಣ ತಗುಲಿ ಸತ್ತನಂತೆ. ಈ ಕಥೆ ನಂಬಿದ ಅಪ್ಪಂದಿರು, ಅವಳು ಬೆಚ್ಚಗೆ ಸುತ್ತಿಟ್ಟ ಕೂಸುಗಳನ್ನು ಬಿಚ್ಚಿ ಹಿಮ ಕರಗಿದ ಹೊಳೆಗೆ ಒಯ್ಯುತ್ತಿದ್ದರು.

ಕಮ್ಮಾರ ಲಾಮಾಕೋಸ್ ಇನ್ನೂ ಜಾಣ. "ಕಾಲು ಬದಲಾಯಿಸಿ ನನ್ನ ಕೂಸನ್ನ ಎರಡು ಸಲ ಅದ್ದಿದೆ ಕಣಮ್ಮ. ಹಿಮ್ಮಡೀನೂ ಬಿಟ್ಟಿಲ್ಲ," ಎಂದು ಬೀಗಿದ.

"ಥೂ, ನಿನ್ನ ಜಾಣತನಕ್ಕೆ ಬೆಂಕಿ ಬೀಳ! ಮೊದಲು ಮೈ ಒರೆಸೋ!"

ಮೂರನೆಯ ದಿನ ಎದೆ ಕಟ್ಟಿ ಕೂಸು ಸತ್ತಿತು. ಅವಳು ಹೆಣಕ್ಕೆ ಎಣ್ಣೆ ಹಚ್ಚುತ್ತಿದ್ದಾಗ ಲಾಮಾಕೋಸ್ ಬಗ್ಗಿ ನೋಡಿ ಮೆಲ್ಲಗೆ ಹೇಳಿದ: "ನೋಡಮ್ಮ, ಮೈಮೇಲೆ ಒಂದು ಗೀರೂ ಇಲ್ಲ."