ಚಪ್ಪಟೆ ಮೂತಿಯ ಕೊಡಲಿ

ನಾನೊಂದು ಕೊಡಲಿ ತರಬೇಕು ಎಂದ ದಿನ ಅತ್ತೆ ನನ್ನ ಜೊತೆ ಮಾತು ಬಿಟ್ಟರು. ಮೂರನೆಯ ದಿನ ಸಾರಿಗೆ ಒಗ್ಗರಣೆ ಹಾಕುತ್ತಾ, ನನ್ನ ಮುಖ ನೋಡದೆ ಕೇಳಿದರು: "ಯಾರನ್ನ ವೆಟ್ಟಕ್ಕೆ?"

ಮುತ್ತಾತನ ಕಾಲದಿಂದ ಮೈಲಾಪುರದಲ್ಲಿ ಬೇರೂರಿದ ಮನೆ ಅದು. ಅತ್ತೆಯ ಕನ್ನಡದಲ್ಲಿ ತಮಿಳು, ಸಾರಿನಲ್ಲಿನ ಹುಳಿಯಷ್ಟೇ ಧಾರಾಳವಾಗಿ ಬೆರೆತಿತ್ತು. ನಾನು ಮಂಡ್ಯದ ಕಡೆಯವಳು. "ಕಡಿಯೋಕಲ್ಲ ಅತ್ತೆ, ಜನರನ್ನ ಕಾಪಾಡೋಕೆ" ಎಂದೆ. "ಕೃಷ್ಣ ಕೃಷ್ಣಾ! ಕೊಡಲೀಲಿ ಯಾರಾದ್ರೂ ಕಾಪಾಡ್ತಾರೇನೇ?" ಎಂದು ಒಗ್ಗರಣೆ ಸೌಟನ್ನು ಸಾರಿಗೆ ಅದ್ದಿದರು. ಅದು ಚುಂಯ್ ಎಂದಿತು. ಮಾತು ಅಲ್ಲಿಗೆ ಮುಗಿಯಿತು.

ಈ ಹುಚ್ಚು ನನಗೆ ಹತ್ತಿದ್ದು ಆಫೀಸಿನಲ್ಲಿ. ಮೌಂಟ್ ರೋಡಿನ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ನಮ್ಮ ವಿಮಾ ಕಚೇರಿ. ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಕಲಿಸಲು ಅಗ್ನಿಶಾಮಕದ ನಿವೃತ್ತ ಅಧಿಕಾರಿಯೊಬ್ಬರು ಬಂದರು. ಮಹಡಿಗೊಬ್ಬರು ಜವಾಬ್ದಾರರು ಬೇಕು ಎಂದಾಗ ಎಲ್ಲರೂ ತಲೆ ತಗ್ಗಿಸಿದರು. ನಾನು ಕಿಟಕಿಯಾಚೆ ನೋಡುತ್ತಾ ಕೂತಿದ್ದೆ. ತಲೆ ಎತ್ತಿದ್ದವಳು ನಾನೊಬ್ಬಳೇ, ಹೆಸರು ಬರೆದುಕೊಂಡರು. ನಮ್ಮ ಮಹಡಿಯ ಕಾರಿಡಾರಿನ ಗೋಡೆಗೆ ಕೆಂಪು ಪೆಟ್ಟಿಗೆಯೊಂದಿತ್ತು, ಒಳಗೆ ಕೊಡಲಿ, ಬಾಗಿಲಿಗೆ ಬೀಗ. ಬೀಗದ ಕೈ ತಿರುಚ್ಚಿಗೆ ವರ್ಗವಾದ ಮ್ಯಾನೇಜರರ ಜೇಬಿನಲ್ಲಿ ಹೋಗಿತ್ತಂತೆ. ಆಫೀಸಿನಲ್ಲಿ ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಮನೆಗೆ ಬಂದ ಮೇಲೆ ಮಾತ್ರ, ನಮ್ಮಲ್ಲಿ ಬೀಗ ಹಾಕಿದ ಕೊಡಲಿಯೂ ಇಲ್ಲವಲ್ಲ ಅನ್ನಿಸಿತು.

ಜೊತೆಗೆ ಭಾನುವಾರ ಭಾನುವಾರ ಆಂಧ್ರದ ಗಡಿಯ ಗುಡ್ಡಗಳಿಗೆ ನಡೆಯಲು ಹೋಗುವ ಗುಂಪೊಂದಕ್ಕೆ ಸೇರಿದ್ದೆ. ಮುಳ್ಳುಕಂಟಿ ಬಿಡಿಸಲು, ಸೌದೆ ಸೀಳಲು ಏನಾದರೂ ಬೇಕೇ ಬೇಕು. ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಹುಡುಕಿದಾಗ ಆ ಚಿತ್ರ ಸಿಕ್ಕಿತು. ಟಾಮಹಾಕ್ ಎಂಬ ಕೈಗೊಡಲಿ, ಅಡಿಯಿಂದ ಮುಡಿವರೆಗೆ ಕಪ್ಪು. ಮುಂದೆ ಧಾರೆ, ಹಿಂದೆ ಹದ್ದಿನ ಕೊಕ್ಕಿನಂಥ ಮೊನೆ. ರಕ್ಷಣಾ ಕಾರ್ಯಕ್ಕೆ, ಕಾಡಿಗೆ, ಆತ್ಮರಕ್ಷಣೆಗೆ ಎಂದು ಕೆಳಗೆ ಬರೆದಿತ್ತು. ನನಗೆ ಮದುವೆಯ ಸೀರೆ ನೋಡಿದಾಗಲೂ ಅಷ್ಟು ಆಸೆ ಆಗಿರಲಿಲ್ಲ. ಚಿತ್ರವನ್ನು ಪ್ರಿಂಟ್ ಹಾಕಿಸಿಕೊಂಡು ಮನೆಗೆ ತಂದೆ.

ಮಾವ ಕ್ರೋಂಪೇಟೆಯ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದವರು. ಸಕ್ಕರೆ ಕಾಯಿಲೆ, ಹಿಂದಿನ ವರ್ಷವಷ್ಟೇ ಹೃದಯದ ರಕ್ತನಾಳಕ್ಕೆ ಬಲೂನು ಹಾಕಿಸಿಕೊಂಡಿದ್ದರು. ಆಮೇಲೆ ಅತ್ತೆ ಅವರಿಗೆ ಬಲ್ಬ್ ಬದಲಿಸಲೂ ಬಿಡುತ್ತಿರಲಿಲ್ಲ. ಇಡೀ ದಿನ ಪೇಪರ್ ಓದಿ ಓದಿ ಮಂಕಾಗಿದ್ದ ಮನುಷ್ಯ ಈ ಚಿತ್ರ ಕಂಡದ್ದೇ ಕನ್ನಡಕ ಹುಡುಕಿದರು. "ಅಡ! ಭೇಷಾಗಿದೆಯಲ್ಲಮ್ಮಾ" ಎಂದರು. ಟೂರಿನಲ್ಲಿದ್ದ ನನ್ನ ಗಂಡ ಫೋನಿನಲ್ಲಿ "ಅಪ್ಪ ಒಪ್ಪಿದ್ರೆ ಸರಿ" ಎಂದು ಕೈತೊಳೆದುಕೊಂಡ. ವರ್ಷದಲ್ಲಿ ಎಂಟು ತಿಂಗಳು ಅವನು ಟೂರಿನಲ್ಲೇ ಇರುತ್ತಿದ್ದ.

ಪ್ಯಾರಿಸ್ ಕಾರ್ನರಿನ ಹಾರ್ಡ್‌ವೇರ್ ಅಂಗಡಿಗಳನ್ನೆಲ್ಲ ಮಾವ ಮತ್ತು ನಾನು ಸುತ್ತಿದೆವು. ಒಂದು ತೀರಾ ಭಾರ, ಇನ್ನೊಂದರ ಕಾವು ಸಡಿಲ. ಮತ್ತೊಂದನ್ನು ಮಾವ ಉಗುರಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಅಂಗಡಿಯವನ ಎದುರಿಗೇ "ಇದು ಕಬ್ಬಿಣ ಅಲ್ಲ, ಕಡಲೆಮಿಠಾಯಿ" ಎಂದರು. ಕಡೆಗೆ ನಾವೇ ಮಾಡಿಸುವುದು ಎಂದಾಯಿತು. ಕ್ರೋಂಪೇಟೆಯಲ್ಲಿ ಅವರ ಹಳೆಯ ಶಿಷ್ಯನೊಬ್ಬ ಕುಲುಮೆ ಇಟ್ಟುಕೊಂಡಿದ್ದ.

ಅಲ್ಲೇ ನಮ್ಮ ಜಗಳ ಶುರುವಾದದ್ದು. ಚಿತ್ರದಲ್ಲಿದ್ದಂತೆ ಹಿಂಬದಿಗೆ ಚೂಪು ಮೊನೆ ಬೇಕೆಂದು ನಾನು. ಬೇಡವೇ ಬೇಡ, ಚಪ್ಪಟೆ ಮೂತಿ ಇರಲಿ, ಉಳಿಯ ತುದಿಯಂತೆ ಎಂದು ಅವರು.

"ಮೊನೇಲಿ ಏನಮ್ಮಾ ಮಾಡ್ತೀ?"

"ಯಾರಾದ್ರೂ ಮೈಮೇಲೆ ಬಂದ್ರೆ ಮಾವ..."

"ಮೈಮೇಲೆ ಬರೋನು ಮೊದಲು ನಿನ್ನ ಕೈಲಿರೋದನ್ನ ಕಿತ್ಕೋತಾನೆ. ಆಗ ಮೊನೆ ಅವನದು. ಓಡು, ಕೂಗು, ಅದೇ ಆತ್ಮರಕ್ಷಣೆ. ಮನೇಲಾದ್ರೆ ಹೆದರಿಸಕ್ಕೆ ನಿಮ್ಮತ್ತೆ ಸಾಕು. ಜೀವನದಲ್ಲಿ ಚುಚ್ಚೋ ಕೆಲಸ ಬರೋದೇ ಇಲ್ಲ. ಮೀಟೋ ಕೆಲಸ ದಿನಾ ಬರತ್ತೆ."

ನನಗೆ ಸಿಟ್ಟು ಬಂತು. ಚಪ್ಪಟೆ ಮೂತಿ ಅಂದರೆ ತೆಂಗಿನಕಾಯಿ ಸುಲಿಯುವವನ ಸಾಮಾನಿನ ಹಾಗೆ ಕಾಣುತ್ತದೆ, ಗುಂಪಿನಲ್ಲಿ ನಾಲ್ಕು ಜನರ ಮುಂದೆ ಹಿಡಿಯುವುದು ಹೇಗೆ! ಒಂದು ವಾರ ಮುಖ ಊದಿಸಿಕೊಂಡಿದ್ದೆ. ಮಾವ ಜಗ್ಗಲಿಲ್ಲ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ ಆರಿಸಿ, ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತು ಶಿಷ್ಯನ ಕೈಲಿ ಕಾಯಿಸಿ ಬಡಿಸಿದರು. ಬಾಯಿ ನಾಲ್ಕು ಬೆರಳಗಲ, ತೂಕ ಅರ್ಧ ಕಿಲೋ. ಕಾವಿಗೆ ಜಾಲಿ ಮರ, ಉದ್ದ ನನ್ನ ಮೊಳದ ಮೇಲೆ ನಾಲ್ಕು ಬೆರಳು. ನನ್ನ ಅಂಗೈ ಸುತ್ತಳತೆಯನ್ನು ದಾರದಲ್ಲಿ ಅಳೆದು ಹಿಡಿ ಕೆತ್ತಿಸಿದರು. ಕೈಗೆ ತೆಗೆದುಕೊಂಡಾಗ ಸಿಟ್ಟು ಅರ್ಧ ಇಳಿಯಿತು, ಅಷ್ಟು ಚೆನ್ನಾಗಿ ಕೂತಿತ್ತು.

ಆದರೆ ಖುಷಿಯಲ್ಲಿ ವಾರ ನೋಡಲು ಮರೆತಿದ್ದೆವು. ಎಲೆಕ್ಟ್ರಿಕ್ ಟ್ರೈನು, ಬಸ್ಸು ಹತ್ತಿ ಪೇಪರಿನಲ್ಲಿ ಸುತ್ತಿದ ಕೊಡಲಿಯೊಡನೆ ಬಾಗಿಲಿಗೆ ಬಂದರೆ ಅತ್ತೆ ಅಡ್ಡ ನಿಂತಿದ್ದರು. "ಶನಿವಾರ ಇರುಂಬು ತರ್ತಾರಾ ಯಾರಾದ್ರೂ? ಕಬ್ಬಿಣ ಹೊಸಲು ದಾಟಬಾರದು!" ಆಮೇಲೆ ಮಾವನ ಕಡೆ ತಿರುಗಿ, "ಕೊಡಲಿ ಕಾವು ಕುಲಕ್ಕೆ ಮೃತ್ಯು ಅಂತ ಸುಮ್ಮಾ ಹೇಳಿದಾರಾ? ಮನೆ ಯಜಮಾನ್ರೇ ಹೀಗೆ!" ಎಂದರು. ಮಾವ ನನ್ನ ಕಿವಿಯಲ್ಲಿ, "ಕಾವು ನಾನೇ ಅಂತೆ" ಎಂದು ನಕ್ಕರು. ಕೊಡಲಿ ಭಾನುವಾರ ಬೆಳಗಾಗುವವರೆಗೆ ಮೆಟ್ಟಿಲ ಕೆಳಗೆ, ನನ್ನ ಸ್ಕೂಟಿಯ ಸೀಟಿನಡಿ ಕಾವು ಹೊರಗೆ ಚಾಚಿಕೊಂಡು ಬಿದ್ದಿತ್ತು.

ಅದರ ಪರಾಕ್ರಮವನ್ನೂ ಹೇಳಿಬಿಡುತ್ತೇನೆ. ಗುಡ್ಡಕ್ಕೆ ಒಯ್ದ ಮೊದಲ ಸಲವೇ ಕೋತಿಯೊಂದು ನನ್ನ ಮೊಸರನ್ನದ ಡಬ್ಬಿ ಹೊತ್ತುಕೊಂಡು ಹೋಯಿತು. ನಾನು ಕೊಡಲಿ ಎತ್ತಿ ಗರ್ಜಿಸಿದೆ. ಅದು ಮರದ ಮೇಲೆ ಕೂತು ನನ್ನನ್ನೇ ನೋಡುತ್ತಾ ಡಬ್ಬಿ ಖಾಲಿ ಮಾಡಿತು. ಮನೆಗೆ ಬಂದು ಹೇಳಿದಾಗ ಅತ್ತೆ ಆ ವಿಷಯದಲ್ಲಿ ಮೊದಲ ಸಲ ನಕ್ಕರು.

ಮಾವ ಮಾತ್ರ ಬಾಲ್ಕನಿಯಲ್ಲಿ ಹಳೆಯ ಪೆಟ್ಟಿಗೆಯೊಂದನ್ನು ಇಟ್ಟು ನನಗೆ ಪಾಠ ಮಾಡುತ್ತಿದ್ದರು. ಬಾಗಿಲು ಸಿಕ್ಕಿಕೊಂಡರೆ ನಡುವೆ ಬಡಿಯಬಾರದು. ಚಿಲಕದ ಎತ್ತರ ನೋಡಿಕೊ, ಚೌಕಟ್ಟಿನ ಸಂದಿಗೆ ಮೂತಿ ತೂರಿಸು, ಕಾವನ್ನು ಮೈಭಾರದಲ್ಲಿ ಒತ್ತು. "ತೋಳಲ್ಲ, ಮೈ" ಎನ್ನುತ್ತಿದ್ದರು, ಮತ್ತೆ ಮತ್ತೆ.

ಆ ವರ್ಷದ ಆಯುಧಪೂಜೆ ಬಂತು. ನಮ್ಮ ಕಡೆ ಆಯುಧಪೂಜೆ ಅಂದರೆ ಗಾಡಿ ತೊಳೆದು ಬೂದುಗುಂಬಳ ಒಡೆಯುವ ಗದ್ದಲ. ಇಲ್ಲಿ ಅದೇ ದಿನ ಸರಸ್ವತಿ ಪೂಜೆ. ಪುಸ್ತಕ, ಆಯುಧ ಎಲ್ಲ ದೇವಿಯ ಮುಂದೆ. ಮರುದಿನ ಬೆಳಿಗ್ಗೆ ಮರುಪೂಜೆ ಆಗುವವರೆಗೆ ಒಂದನ್ನೂ ಮುಟ್ಟುವಂತಿಲ್ಲ. ಮಾವನಂತೂ ಇದರಲ್ಲಿ ಅತ್ತೆಗಿಂತ ಒಂದು ಕೈ ಮೇಲು. ಮನೆಯ ಸುತ್ತಿಗೆ, ಸ್ಪ್ಯಾನರು, ಸ್ಕ್ರೂಡ್ರೈವರು, ಇಕ್ಕಳ, ಕತ್ತರಿ, ಅಡುಗೆ ಮುಗಿದ ಮೇಲೆ ಅತ್ತೆಯ ಈಳಿಗೆಮಣೆ, ಕಡೆಗೆ ಹೊಲಿಗೆಯ ಸೂಜಿಯನ್ನೂ ಬಿಡದೆ ಹುಡುಕಿ ತಂದು ಜೋಡಿಸಿದರು. ನಟ್ಟನಡುವೆ ನನ್ನ ಕೊಡಲಿ, ಅರಿಶಿನ ಕುಂಕುಮ ಹಚ್ಚಿಕೊಂಡು, ಕೊರಳಿಗೆ ಬಗೆಬಗೆ ಹೂವಿನ ಕದಂಬಮಾಲೆ ಹಾಕಿಕೊಂಡು ಮದುಮಗನ ಹಾಗೆ ಕೂತಿತ್ತು.

ಹಿಂದಿನ ದಿನದಿಂದ ಮಳೆ ಬಿಟ್ಟಿರಲಿಲ್ಲ. ಪೂಜೆ ಮುಗಿದಾಗ ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ಮಾವ ಬೆಳಿಗ್ಗೆ ಅಭ್ಯಾಸಬಲದಿಂದ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ್ದರು. ನೈವೇದ್ಯವಾಗುವ ತನಕ ಒಂದು ಗುಟುಕು ಕಾಫಿ ಕೂಡ ಕುಡಿದಿರಲಿಲ್ಲ. ಊಟಕ್ಕೆ ಕೂರುವ ಮೊದಲು ಕೈಕಾಲು ತೊಳೆಯಲೆಂದು ಬಚ್ಚಲಿಗೆ ಹೋದರು, ಚಿಲಕ ಹಾಕಿಕೊಂಡರು. ಮಳೆಗೆ ಉಬ್ಬಿದ್ದ ಆ ಹಳೆಯ ಬಾಗಿಲು ಮತ್ತೆ ತೆರೆಯಲಿಲ್ಲ.

"ಚಿಲಕ ಹಿಡ್ಕೊಂಡುಬಿಡ್ತು" ಎಂದು ಒಳಗಿನಿಂದ ನಗುತ್ತಲೇ ಕೂಗಿದರು. "ಗಾಬರಿ ಬೇಡ. ಆಯುಧ ಎಲ್ಲಾ ಪೂಜೇಲಿದೆ, ಮುಟ್ಟಬೇಡಿ. ಆಚಾರಿಯನ್ನ ಕರೀರಿ."

ಮಾವನ ಮಾತು ಮೀರಿ ನನಗೆ ಅಭ್ಯಾಸವಿರಲಿಲ್ಲ. ಕೊಡೆ ಕೂಡ ಹಿಡಿಯದೆ ಓಡಿದೆ. ಬೀದಿಯ ತುದಿಯ ಬಡಗಿ ಊಟ ಮಾಡುತ್ತಿದ್ದ. "ಸಾಮಾನ್ ಎಲ್ಲಾಂ ಪೂಜೈಲೆ ಇರುಕ್ಕು ಅಮ್ಮಾ, ನಾಳೈಕ್ಕು ವರೇನ್" ಎಂದ. ಬರುವುದು ನಾಳೆಯಂತೆ. ಮೇಲಿನ ಮನೆಯವರ ಸುತ್ತಿಗೆ ಪೂಜೆಯಲ್ಲಿ, ಎದುರು ಮನೆಯವರ ಸಲಾಕಿ ಪೂಜೆಯಲ್ಲಿ. ಸೈಕಲ್ ಅಂಗಡಿ ಮುಚ್ಚಿತ್ತು. ಆ ದಿನ ಇಡೀ ಮೈಲಾಪುರದಲ್ಲಿ ಒಂದು ಸ್ಕ್ರೂಡ್ರೈವರು ಕೂಡ ಎದ್ದು ಬರುವ ಸ್ಥಿತಿಯಲ್ಲಿರಲಿಲ್ಲ.

ವಾಪಸು ಬಂದು ಒರಳಿನ ಗುಂಡಿನಿಂದ ಬಾಗಿಲಿಗೆ ಹೊಡೆದೆ. ಹೊರಕ್ಕೆ ತೆರೆಯುವ ಬಾಗಿಲು ಅದು. ಹೊಡೆದಷ್ಟೂ ಚೌಕಟ್ಟಿಗೆ ಇನ್ನೂ ಬಿಗಿಯಾಗಿ ಕಚ್ಚಿಕೊಂಡಿತು. ಒಳಗೆ ಬಕೆಟ್ ಉರುಳಿದ ಸದ್ದಾಯಿತು. "ಮಾವ!" ಎಂದೆ. "ಹೂಂ... ಸ್ವಲ್ಪ ತಲೆ..." ಎಂದರು. ಮತ್ತೆ ಕರೆದಾಗ ಉತ್ತರ ಬರಲಿಲ್ಲ.

ಆಗಲೂ ನಾನು ದೇವರಕೋಣೆಯ ಕಡೆ ನೋಡಿದೆನೇ ಹೊರತು ಹೋಗಲಿಲ್ಲ. ಇದನ್ನು ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ. ಜನರನ್ನು ಕಾಪಾಡುತ್ತೇನೆಂದು ಕುಣಿದವಳು, ಕೆಂಪು ಪೆಟ್ಟಿಗೆಯ ಬೀಗಕ್ಕೆ ನಕ್ಕವಳು, ಹನ್ನೆರಡು ಹೆಜ್ಜೆ ಆಚೆ ಕೊಡಲಿ ಇಟ್ಟುಕೊಂಡು ಮರದ ಹಾಗೆ ನಿಂತಿದ್ದೆ.

ಅತ್ತೆ ಬಂದರು. ಮಡಿಸೀರೆಯಲ್ಲಿದ್ದರು. ಕೈಯಲ್ಲಿ ಕೊಡಲಿ, ಅದಕ್ಕೆ ಮಾಲೆ ನೇತಾಡುತ್ತಲೇ ಇತ್ತು.

"ಹಿಡಿ."

"ಅತ್ತೆ, ಪೂಜೆ..."

"ಸರಸ್ವತಿ ನಾಳೆವರೆಗೂ ಕಾಯ್ತಾಳೆ. ಅವರಿಗೆ ಕಾಯಕ್ಕೆ ಆಗಲ್ಲ. ಸೀಕ್ರಂ!"

ಅರಿಶಿನಕ್ಕೆ ಕಾವು ಜಾರುತ್ತಿತ್ತು. ಸೆರಗಿನಲ್ಲಿ ಒರೆಸಿದೆ. ಚಿಲಕದ ಎತ್ತರ ನೋಡಿದೆ, ಸಂದಿಗೆ ಆ ಚಪ್ಪಟೆ ಮೂತಿ ತೂರಿಸಿ ಒತ್ತಿದೆ. ಅಲುಗಲಿಲ್ಲ. ತೋಳಲ್ಲ, ಮೈ. ಮೈಯೆಲ್ಲ ಹಾಕಿ ಒತ್ತಿದೆ. ಅತ್ತೆಯೂ ನನ್ನ ಕೈಮೇಲೆ ಕೈಯಿಟ್ಟು ಒತ್ತಿದರು. ಮರ ಕಿರ್ರೆಂದಿತು, ಚಿಲಕ ಸ್ಕ್ರೂಗಳ ಸಮೇತ ಕಿತ್ತುಕೊಂಡು ಬಂತು, ನಾವಿಬ್ಬರೂ ಹಿಂದಕ್ಕೆ ಬಿದ್ದೆವು.

ಮಾವ ಗೋಡೆಗೊರಗಿ ಕುಸಿದಿದ್ದರು, ಮೈಯೆಲ್ಲ ಬೆವರು, ಕಣ್ಣು ಅರ್ಧ ಮುಚ್ಚಿತ್ತು. ಅತ್ತೆ ಓಡಿ ಸಕ್ಕರೆ ಡಬ್ಬಿ ತಂದು, ಬೆರಳಲ್ಲಿ ಅದ್ದಿ ಅದ್ದಿ ಅವರ ಒಸಡಿಗೆ ಸವರಿದರು. "ಅಯ್ಯೋ ನನ್ನ ದೇವರೇ, ನುಂಗ್ರೀ, ನುಂಗ್ರೀ" ಎಂದು ಅಳುತ್ತಿದ್ದರು. ಕಣ್ಣು ಬಿಟ್ಟು ನುಂಗಲು ಶುರುಮಾಡಿದ ಮೇಲೆ ನೈವೇದ್ಯದ ಪಾಯಸವನ್ನು ಚಮಚದಲ್ಲಿ ಕುಡಿಸಿದರು. ಅರ್ಧ ಬಟ್ಟಲು ಮುಗಿದಾಗ ಮಾವ ನನ್ನನ್ನು ನೋಡಿದರು.

"ಹೊಡೆದೆಯಾ, ಮೀಟಿದೆಯಾ?"

"ಮೀಟಿದೆ ಮಾವ."

"ಹಾಂ" ಎಂದು ಮತ್ತೆ ಬಾಯಿ ತೆರೆದರು. ಪಾಯಸ ಅವರಿಗೆ ವರ್ಷದಿಂದ ನಿಷೇಧವಾಗಿತ್ತು.

ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸಕ್ಕರೆ ತೀರಾ ಇಳಿದಿತ್ತು, ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಬೈದರು. ಹಿಂಬದಿಯ ಚೂಪು ಮೊನೆಯ ಆಸೆ ಅವತ್ತಿಗೆ ನನ್ನಿಂದ ಬಿಟ್ಟುಹೋಯಿತು. ಬಾಗಿಲಿಗೆ ಹೊಸ ಚಿಲಕ ಬಂತು. ಬಚ್ಚಲ ಹೊರಗೆ, ಕೈಗೆಟಕುವ ಎತ್ತರದಲ್ಲಿ ಅತ್ತೆ ತಾವೇ ನಿಂತು ಒಂದು ಮೊಳೆ ಹೊಡೆಸಿ ಕೊಡಲಿಯನ್ನು ಅಲ್ಲಿ ತೂಗುಹಾಕಿಸಿದರು.

ಮರುವರ್ಷದ ಪೂಜೆಗೆ ಮಾವ ಎಂದಿನಂತೆ ಸಾಮಾನು ಕೂಡಿಹಾಕುತ್ತಾ ಬಂದು ಆ ಮೊಳೆಗೆ ಕೈ ಹಾಕಿದರು.

"ಅದು ಬೇಡ" ಎಂದರು ಅತ್ತೆ. "ಅಲ್ಲೇ ಇರಲಿ."

"ಪೂಜೆ ಬೇಡವೇನೇ ಅದಕ್ಕೆ?"

ಅತ್ತೆ ದೇವರಕೋಣೆಯ ಪೂಜೆ ಮುಗಿಸಿ ಆರತಿ ತಟ್ಟೆ ಹಿಡಿದು ಹೊರಗೆ ಬಂದರು. ಮಡಿಯಲ್ಲಿದ್ದಾಗ ಬಚ್ಚಲ ಕಡೆ ನೆರಳು ಕೂಡ ಬೀಳಿಸದ ಹೆಂಗಸು, ಆ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಕೊಡಲಿಗೆ ಕುಂಕುಮ ಇಟ್ಟರು, ಹೂ ಮುಡಿಸಿದರು, ಆರತಿ ಎತ್ತಿದರು. ಮಾವ ಟವೆಲ್ಲು ಹೆಗಲಿಗೆ ಹಾಕಿಕೊಂಡು ಕೈಮುಗಿದು ನಿಂತಿದ್ದರು. ಆಮೇಲೆ ಅತ್ತೆ ತಟ್ಟೆಯನ್ನು ಅವರ ಮುಂದೆ ಹಿಡಿದು, "ಮಾತ್ರೆ ತಗೊಂಡ್ರಾ? ಮೊದಲು ಊಟ ಮಾಡ್ರೀ" ಎಂದರು.