ಇಳಿಜಾರಿನಲ್ಲಿ ಹಿಡಿಯದ ಬ್ರೇಕ್

1963ರ ಜೂನ್ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ, ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ, ಸಿದ್ಧಕಟ್ಟೆ ದಾಟಿದ ಮೇಲಿನ ಇಳಿಜಾರಿನಲ್ಲಿ ನನ್ನ ಮೋಟಾರ್ ಸೈಕಲಿನ ಬ್ರೇಕ್ ಹಿಡಿಯಲಿಲ್ಲ. ಹಿಂದೆ ನನ್ನ ಹೆಂಡತಿ ಕುಳಿತಿದ್ದಳು. ಅವಳಿಗೆ ಆಗ ನಾಲ್ಕು ತಿಂಗಳು. ಇಳಿಜಾರಿನ ಕೊನೆಗೆ ತಿರುವು, ಅದರಾಚೆ ನೀರು ಹರಿಯುವ ತೋಡು. ಗಾಡಿ ತಿರುವಿಗೆ ಮೊದಲೇ ರಸ್ತೆ ಬದಿಯ ಮಣ್ಣಿನ ರಾಶಿಗೆ ನುಗ್ಗಿ ನಿಂತಿತು. ಇಬ್ಬರಿಗೂ ಗಾಯವಾಗಲಿಲ್ಲ.

ಅವಳು ಮೂಡುಬಿದಿರೆಯ ಶಾಲೆಯೊಂದರಲ್ಲಿ ಟೀಚರ್. ನಾನು ಪತ್ರಿಕೆಯೊಂದಕ್ಕೆ ಸುತ್ತಲಿನ ಊರುಗಳ ಸುದ್ದಿ ಕಳಿಸುತ್ತಿದ್ದೆ. ವಾರವಿಡೀ ಅವಳು ಅಲ್ಲೇ ಬಾಡಿಗೆ ಕೋಣೆಯಲ್ಲಿದ್ದು, ಶನಿವಾರ ಬಸ್ಸಿನಲ್ಲಿ ಬಂಟ್ವಾಳದ ಮನೆಗೆ ಬರುತ್ತಿದ್ದಳು. ಸೋಮವಾರದ ಮೊದಲ ಬಸ್ಸು ತಲುಪುವಾಗ ಶಾಲೆಯ ಗಂಟೆ ಹೊಡೆದಾಗಿರುತ್ತಿತ್ತು. ಅದಕ್ಕಾಗಿಯೇ ಈ ಗಾಡಿ, ಸೈನ್ಯದವರು ಹರಾಜು ಹಾಕಿದ್ದು.

ಮೋಟಾರ್ ಸೈಕಲಿಗೆಂದೇ ಅಂಗಡಿ ಆಗ ನಮ್ಮಲ್ಲಿ ಇರಲಿಲ್ಲ. ಬಂಟ್ವಾಳ ಪೇಟೆಯ ಸೈಕಲ್ ಶಾಪಿನವರೊಬ್ಬರು ರಿಪೇರಿ ಮಾಡಿಕೊಡುತ್ತಿದ್ದರು. ಬ್ರೇಕ್ ತಪ್ಪಿದ್ದನ್ನು ಹೇಳಿದಾಗ ಅವರು ನನ್ನೆದುರೇ ಚಕ್ರ ಬಿಚ್ಚಿ, ಒಳಗೆಲ್ಲ ಒರೆಸಿ, ಜೋಡಿಸಿದರು. ಇನ್ನು ಧೈರ್ಯವಾಗಿ ಹೋಗಬಹುದೇ ಎಂದು ಕೇಳಿದೆ. ಅವರು ಕೈ ಒರೆಸಿಕೊಂಡು ಧರ್ಮಸ್ಥಳದ ದಿಕ್ಕಿಗೆ ತಿರುಗಿ ಕೈ ಮುಗಿದರು.

“ಸ್ವಾಮಿಯ ಆಣೆ ಮಾರಾಯ್ರೇ, ಬ್ರೇಕ್ ಸರಿ ಉಂಟು. ಟೀಚರನ್ನು ಕೂರಿಸಿಕೊಂಡು ಹೋಗಿ.”

ನಮ್ಮ ಕಡೆ ಆ ಮಾತಿನ ಮೇಲೆ ಇನ್ನೊಂದು ಪ್ರಶ್ನೆ ಇಲ್ಲ.

ಮುಂದಿನ ಸೋಮವಾರ ಇಳಿಜಾರಿನ ಅರ್ಧದವರೆಗೆ ಬ್ರೇಕ್ ಹಿಡಿಯಿತು. ಆಮೇಲೆ ಎಷ್ಟು ಒತ್ತಿದರೂ ಗಾಡಿ ಜಾರುತ್ತಲೇ ಇತ್ತು. ಗೇರು ಇಳಿಸಿ ಹೇಗೋ ತಿರುವು ದಾಟಿದೆ. ನನ್ನ ಹೆಗಲ ಮೇಲಿದ್ದ ಅವಳ ಉಗುರು ಅಂಗಿಯ ಒಳಗೂ ನಾಟಿತ್ತು. ಶಾಲೆಯ ಗೇಟಿನಲ್ಲಿ ಇಳಿದು ಅವಳು ಕೇಳಿದಳು.

“ಶಾಪಿನವರಿಗೆ ಹೇಳ್ತೀರಾ?”

ಹೇಗೆ ಹೇಳುವುದು ಎಂದೆ. ಬ್ರೇಕ್ ತಪ್ಪಿತು ಎಂದರೆ ಅವರು ಸುಳ್ಳು ಆಣೆ ಹಾಕಿದರು ಎಂದಂತೆ. ಸುಳ್ಳು ಆಣೆ ಮನೆಮಂದಿಗೆ ತಟ್ಟುತ್ತದೆ ಎಂಬ ನಂಬಿಕೆ; ಮಕ್ಕಳು ಮರಿ ಇರುವವರ ಮೇಲೆ ಹೊರಿಸುವ ಮಾತಲ್ಲ ಅದು. ಅದೇ ಪೇಟೆಯಲ್ಲಿ ಬೇರೆಯವರಿಗೆ ತೋರಿಸಿದರೂ ಅರ್ಥ ಅದೇ. ಅವಳಿಗೂ ಇದು ಗೊತ್ತಿತ್ತು.

“ನಿಧಾನ ಹೋಗುವ,” ಎಂದೆ.

“ನಾವು ನಿಧಾನ ಹೋಗುವ. ಇಳಿಜಾರಿಗೆ ನಿಧಾನ ಗೊತ್ತುಂಟಾ?”

ಇನ್ನೂ ಎರಡು ಸೋಮವಾರ ಹಾಗೆಯೇ ಹೋದೆವು. ಭಾನುವಾರ ಊಟಕ್ಕೆ ಕೂತಾಗಲೇ ನನಗೆ ಆ ತಿರುವು ಕಾಣಿಸುತ್ತಿತ್ತು. ಇಳಿಜಾರು ಶುರುವಾದ ಕೂಡಲೇ ಅವಳ ಒಂದು ಕೈ ನನ್ನ ಹೆಗಲು ಬಿಟ್ಟು ಹೊಟ್ಟೆಯ ಮೇಲೆ ಹೋಗುತ್ತಿತ್ತು.

ಅದೇ ತಿಂಗಳು ಸುದ್ದಿಯೊಂದಕ್ಕಾಗಿ ಬೆಳ್ತಂಗಡಿಗೆ ಹೋದಾಗ, ಅಲ್ಲಿನ ಬಸ್ಸಿನ ಗ್ಯಾರೇಜಿನ ಮೇಸ್ತ್ರಿಗೆ ಗಾಡಿ ತೋರಿಸಿದೆ. ಅವರು ಕೂಡಲೇ ಬಿಚ್ಚಲಿಲ್ಲ. ಎಲ್ಲಿ ತಪ್ಪುತ್ತದೆ ಎಂದು ಕೇಳಿದರು. ತಾವೇ ಗಾಡಿ ಹತ್ತಿ, ಪೇಟೆಯ ಹೊರಗಿನ ಇಳಿಜಾರಿನಲ್ಲಿ ಕೆಲವು ಸಲ ಇಳಿದು ಹತ್ತಿ ಬಂದು, ಚಕ್ರದ ನಡುವಿನ ಹಬ್ ಮುಟ್ಟಿ ನೋಡಿ ಎಂದರು. ಬಿಸಿಗೆ ಕೈ ಇಡಲಾಗಲಿಲ್ಲ. ಬಿಚ್ಚಿದಾಗ, ಚಕ್ರವನ್ನು ಒಳಗಿನಿಂದ ಒತ್ತಿ ಹಿಡಿಯುವ ಬ್ರೇಕ್ ಶೂ ಮೇಲೆ ಗ್ರೀಸ್ ಹೊಳೆಯುತ್ತಿತ್ತು. ಗ್ರೀಸನ್ನು ತಡೆಯುವ ಒಳಗಿನ ಸೀಲ್ ಸವೆದಿದೆ, ತಣ್ಣಗಿರುವಾಗ ಗ್ರೀಸ್ ಅಲ್ಲೇ ಇರುತ್ತದೆ, ಇಳಿಜಾರಿನಲ್ಲಿ ಬಿಸಿಯಾದರೆ ಕರಗಿ ಬ್ರೇಕಿಗೆ ಬರುತ್ತದೆ ಎಂದು ವಿವರಿಸಿದರು.

“ಮೊದಲು ನೋಡಿದವರು ಚೆನ್ನಾಗಿಯೇ ಒರೆಸಿದ್ದಾರೆ. ಅವರು ಕೊಟ್ಟಾಗ ಬ್ರೇಕ್ ಸರಿಯೇ ಇದ್ದಿರಬೇಕು.”

ಆಣೆ ಸುಳ್ಳಾಗಿರಲಿಲ್ಲ.

ಮಂಗಳೂರಿನಿಂದ ಬಸ್ಸಿನಲ್ಲಿ ಸೀಲ್ ತರಿಸಿ ಹಾಕಿದರು. ಈಗ ಸರಿ ಉಂಟಾ ಎಂದು ಕೇಳಿದೆ. ಅವರು ಯಾವ ದಿಕ್ಕಿಗೂ ತಿರುಗಲಿಲ್ಲ.

“ಇವತ್ತು ಹಿಡಿಯುತ್ತದೆ. ನಾಳೆಯದ್ದು ನಾನು ಹೇಳುವುದಿಲ್ಲ. ಇಳಿಜಾರಿಗೆ ಮೊದಲು ನಿಲ್ಲಿಸಿ, ಹಬ್ ಮುಟ್ಟಿ ನೋಡಿ, ಬಿಸಿ ಇಲ್ಲದಿದ್ದರೆ ಹೋಗಿ.”

ಮನೆಯಲ್ಲಿ ಇದನ್ನು ಹೇಳಿದೆ. ನಾಳೆಯದ್ದು ಹೇಳುವುದಿಲ್ಲ ಎನ್ನುವ ಇವರ ಮಾತನ್ನು ನಂಬಬಹುದು ಎಂದಳು ಅವಳು. ಮುಂದಿನ ಸೋಮವಾರ ಇಳಿಜಾರಿನ ಮೇಲೆ ಗಾಡಿ ನಿಲ್ಲಿಸಿ ನಾನು ಹಬ್ ಮುಟ್ಟಿ ನೋಡುತ್ತಿದ್ದಾಗ, ಅವಳು ಕೆಳಗಿಳಿದು ನಡೆಯತೊಡಗಿದಳು.

ನವೆಂಬರಿನಲ್ಲಿ ಹೆಣ್ಣು ಮಗು ಹುಟ್ಟಿತು. ಆ ಬ್ರೇಕ್ ಮತ್ತೆ ತಪ್ಪಲಿಲ್ಲ. ಗಾಡಿಗೆ ಏನಾದರೂ ನಾನು ಬೆಳ್ತಂಗಡಿಗೇ ಹೋಗುತ್ತಿದ್ದೆ. 1969ರಲ್ಲಿ ಅದನ್ನು ಮಾರುವವರೆಗೂ ಅವಳು ಆ ಇಳಿಜಾರಿನ ಮೇಲೆ ಇಳಿದು, ಮಗುವಿದ್ದರೆ ಮಗುವನ್ನೂ ಎತ್ತಿಕೊಂಡು, ನಡೆದೇ ಕೆಳಗೆ ಬರುತ್ತಿದ್ದಳು.