ಮುಚ್ಚಳ ತೆಗೆಯದ ಸೂಜಿ

ಹದಿನೇಳು ವರ್ಷ ನಾನು ಶಾಲೆಯಲ್ಲಿ ಕನ್ನಡ ವ್ಯಾಕರಣ ಕಲಿಸಿದೆ. ಹೆಣ್ಣಾಗಿ ಬದುಕಲು ತೊಡಗಿದ ವರ್ಷ ಆ ಕೆಲಸ ಹೋಯಿತು. ಅಚ್ಚುಕಟ್ಟಿನ ಅಭ್ಯಾಸ ಮಾತ್ರ ಹೋಗಲಿಲ್ಲ. ಆದ್ದರಿಂದ, ನಮ್ಮ ಸಮುದಾಯದ ಅಕ್ಕನೊಬ್ಬಳು ಮನೆಯಲ್ಲೇ ಎಚ್‌ಐವಿ ಪರೀಕ್ಷೆ ಮಾಡಿಕೊಳ್ಳುವ ನಾಲ್ಕು ಕಿಟ್‌ಗಳನ್ನು ತಂದುಕೊಟ್ಟಾಗ, ಸೂಚನಾಪತ್ರವನ್ನು ಎರಡು ಸಲ ಓದಿಯೇ ಅವನ್ನು ಮುಟ್ಟಿದೆ.

ಚೆನ್ನೈನ ಕ್ರೋಂಪೇಟೆಯ ಬಾಡಿಗೆ ಮನೆಯಲ್ಲಿ ನಾವಿಬ್ಬರೇ. ನನ್ನವರು ಇಲ್ಲಿಯೇ ಹುಟ್ಟಿ ಬೆಳೆದ, ರೈಲ್ವೆ ಕೆಲಸದ ಕನ್ನಡ ಮನೆತನದವರು; ಮಾತಿನ ನಡುವೆ ತಮಿಳು ನುಸುಳುತ್ತಿತ್ತು.

“ಏನ್ ಟೀಚರಮ್ಮಾ, ಹಾಲ್ ಟಿಕೆಟ್ ವೇಂಡಾಮಾ?” ಎಂದು ನಕ್ಕರು.

ಬೆರಳು ಚುಚ್ಚಿಕೊಂಡು, ರಕ್ತದ ಹನಿಯನ್ನು ಪಟ್ಟಿಗೆ ಬಿಟ್ಟು, ಮೇಲೆ ದ್ರಾವಣ ಹಾಕಿ ಗಡಿಯಾರ ನೋಡುತ್ತ ಕುಳಿತೆ. ಒಂದೇ ಗೆರೆ ಮೂಡಿತು. ಸೋಂಕಿಲ್ಲ ಎಂದರ್ಥ.

“ನಿನಗಿಲ್ಲಾಂದ್ರೆ ನನಗೂ ಇಲ್ಲ. ವಿಡು.”

“ಅದು ಹಾಗಲ್ಲ ರೀ. ನೀವೂ ಚುಚ್ಚಿಕೊಳ್ಳಿ.”

ಗೊಣಗುತ್ತ ಅಡುಗೆಮನೆಗೆ ಹೋಗಿ ಪರದೆ ಎಳೆದುಕೊಂಡರು. ತಂದು ತೋರಿಸಿದ ಪಟ್ಟಿಯಲ್ಲೂ ಒಂದೇ ಗೆರೆ. ಅಂದಿನಿಂದ ಕಾಂಡೋಮ್ ಬೇಡವೆಂದವಳು ನಾನೇ.

ಏಳು ತಿಂಗಳ ಬಳಿಕ, ಹುಣಸೆಹಣ್ಣಿನ ಡಬ್ಬಿಯ ಹಿಂದೆ ಅವರ ಕಿಟ್‌ನ ಸೂಜಿ ಸಿಕ್ಕಿತು. ಮುಚ್ಚಳವನ್ನೇ ತೆಗೆದಿರಲಿಲ್ಲ. ರಕ್ತವಿಲ್ಲದೆ ಬರಿಯ ದ್ರಾವಣ ಹಾಕಿದ್ದರು. ಆ ಒಂದು ಗೆರೆ ಅಷ್ಟಕ್ಕೇ ಮೂಡಿತ್ತು. ಬಿಡಿಸಿ ತೋರಿಸದೆ ಬರಿಯ ಉತ್ತರ ಬರೆದ ಮಕ್ಕಳಿಗೆ ಎಂದೂ ಅಂಕ ಕೊಡದಿದ್ದ ನಾನು, ಅಂದು ಅವರ ಬೆರಳನ್ನು ನೋಡಿರಲಿಲ್ಲ.

“ಸೂಜಿಗೆ ಹೆದರಿದಿರಾ?”

“ಸೂಜಿಗಲ್ಲ.” ಅವರು ತಲೆಯೆತ್ತಲಿಲ್ಲ. “ನೀನು ಸಿಗೋಕ್ ಮುಂಚೆ ಎಲ್ಲೆಲ್ಲೋ ತಿರುಗಿದವನು ನಾನು. ಎರಡು ಗೆರೆ ಬಂದಿದ್ರೆ ಹೊರಗೆ ಹಾಕ್ತಿದ್ದೆ ನೀನು.”

“ಹಾಕುತ್ತಿರಲಿಲ್ಲ.”

“ಈಗ ಹೇಳ್ತೀಯ.”

ಉಳಿದಿದ್ದ ಎರಡು ಕಿಟ್‌ಗಳಲ್ಲಿ ಒಂದನ್ನು ಅಲ್ಲಿಯೇ ಬಿಚ್ಚಿ ನನ್ನ ಬೆರಳು ಚುಚ್ಚಿಕೊಂಡೆ. ಈ ಸಲ ಎರಡು ಗೆರೆ.

ಇನ್ನೊಂದನ್ನು ಅವರ ಮುಂದಿಟ್ಟೆ. ಆಸ್ಪತ್ರೆಯಲ್ಲಿ ಮತ್ತೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು, ಮಾತ್ರೆಯಿದೆ, ಬದುಕಬಹುದು ಎಂದು ಬಿಡಿಸಿ ಬಿಡಿಸಿ ಹೇಳಿದೆ. ಅವರು ನನ್ನ ಪಟ್ಟಿಯನ್ನೇ ನೋಡುತ್ತಿದ್ದರು.

“ನಿನ್ನದು ನೋಡಿದ್ಮೇಲೆ ನನ್ನದು ಎದುಕ್ಕು? ನಿನಗಿದ್ರೆ ನನಗೂ ಇದೆ. ವಿಡು.”

ಮರುದಿನ ಆಸ್ಪತ್ರೆಯ ಸಾಲಿನಲ್ಲಿ ಒಬ್ಬಳೇ ನಿಂತೆ. ಅಲ್ಲಿಯೂ ಅದೇ ಫಲಿತಾಂಶ. ಸಂಗಾತಿಯನ್ನು ತಪ್ಪದೆ ಕರೆತರಬೇಕೆಂದು ಚೀಟಿ ಬರೆದುಕೊಟ್ಟರು. ಅದನ್ನು ಹಿಡಿದು ಮನೆಗೆ ಬಂದಾಗ ಗೂಟದಲ್ಲಿ ಅವರ ಅಂಗಿಗಳಿರಲಿಲ್ಲ. ಫೋನು ಇಂದಿಗೂ ಆಫ್ ಆಗಿಯೇ ಇದೆ.

ನಾನು ಮಾತ್ರೆಗಳನ್ನು ಹೇಳಿದ ಹೊತ್ತಿಗೆ ನುಂಗುತ್ತೇನೆ. ಅವರು ಎಲ್ಲಿ, ಯಾವ ಮಾತ್ರೆಯೂ ಇಲ್ಲದೆ ಹೇಗಿದ್ದಾರೋ ತಿಳಿಯದು. ಅವರ ಮುಂದಿಟ್ಟ ಕಿಟ್ ಇಟ್ಟಲ್ಲಿಯೇ ಇದೆ. ಅದರ ಅವಧಿ ಮೊನ್ನೆ ಮುಗಿಯಿತು.